ಮುದ್ದೆ ಕೋಲಿನ ಆರು ಇಂಚು

2022ರ ನವೆಂಬರ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಏಳೂಕಾಲಿಗೆ, ಲಗೂನಾ ಬೆಟ್ಟದ ಮೇಲೆ ಆರು ಇಂಚು ಹಿಮ ಇದೆ ಎಂದು ನಮ್ಮ ಭಾವ ವರದಿ ಮಾಡಿದರು. ಇದ್ದದ್ದು ಎರಡು ಇಂಚು.

ಭಾವ ಅಂದರೆ ನನ್ನ ಅಕ್ಕನ ಗಂಡ. ಇರುವುದು ಸ್ಯಾನ್ ಡಿಯೇಗೊದಲ್ಲಿ. ಡಿಸೆಂಬರಿನಲ್ಲೂ ಚಡ್ಡಿ ಹಾಕಿಕೊಂಡು ಕಸದ ಡಬ್ಬಿ ಹೊರಗಿಡುವ ಊರು ಅದು. ಅಲ್ಲಿ ಕೂತು ವಾರಾವಾರ ಹಿಮದ ವರದಿ ಕೊಡುವ ಮನುಷ್ಯನನ್ನು ಏನನ್ನಬೇಕು? ರಾಯಚೂರಿನಲ್ಲಿ ಏಪ್ರಿಲ್ ತಿಂಗಳು ಸ್ವೆಟರ್ ಅಂಗಡಿ ತೆರೆದವನನ್ನು ಏನನ್ನುತ್ತೀರೋ ಅದನ್ನೇ ಅನ್ನಿ! ಆದರೆ ಒಂದು ಮಾತು. ಆ ಶನಿವಾರದವರೆಗೆ ಅವರ ಒಂದೇ ಒಂದು ವರದಿ ತಪ್ಪಾಗಿರಲಿಲ್ಲ. ನಾನು ಹತ್ತು ವರ್ಷ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಬೇರೆಯವರ ವರದಿ ತಿದ್ದಿದವನು. ಇಂಥ ಸರ್ಟಿಫಿಕೇಟನ್ನು ಸುಮ್ಮಸುಮ್ಮನೆ ಕೊಡುವುದಿಲ್ಲ.

ಇದೆಲ್ಲ ಶುರುವಾದದ್ದು 2020ರಲ್ಲಿ. ಕೊರೊನಾಕ್ಕೆ ಸೊರೆಂಟೊ ವ್ಯಾಲಿಯ ಆಫೀಸು ಮುಚ್ಚಿತು. ಇಪ್ಪತ್ತು ವರ್ಷ ಫೋನಿನ ಸಿಗ್ನಲ್ ಅಳೆದ ಭಾವನಿಗೆ ಅಳೆಯಲು ಏನೂ ಇಲ್ಲದಂತಾಯಿತು. ಸೈಕಲ್ ಕೊಂಡರು. ಮನೆ ಹತ್ತಿರದ ಕಣಿವೆಯ ಮಣ್ಣುದಾರಿಯಲ್ಲಿ ಹೊರಟರು. ಮಳೆ ಬಂದು ಬಿಟ್ಟ ಮಾರನೇ ದಿನ. ಅರ್ಧ ಮೈಲಿಗೇ ಚಕ್ರ ತಿರುಗುವುದು ನಿಂತಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದವರು ಬಾಗಿಲಲ್ಲೇ ಘೋಷಿಸಿದರು: "ಪಕ್ಕಾ ಮುದ್ದೆ!"

ಅಕ್ಕ ಒಳಗಿನಿಂದ, "ಇಲ್ಲ, ಇವತ್ತು ಅನ್ನ ಸಾರು" ಅಂದಳಂತೆ.

ಅಲ್ಲಿಗೆ ಒಂದು ವಿಜ್ಞಾನ ಹುಟ್ಟಿತು. ಸೈಕಲ್ ಇದ್ದ ಕನ್ನಡದ ಮನೆಗಳವರನ್ನೆಲ್ಲ ಸೇರಿಸಿ ಭಾವ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದರು. ಪ್ರತಿ ಶನಿವಾರ ಬೆಳಿಗ್ಗೆ ವರದಿ. ಕೆಸರು ನೀರಾಗಿದ್ದರೆ ಅಂಬಲಿ. ಚಕ್ರಕ್ಕೆ ಮೆತ್ತಿಕೊಂಡರೆ ಮುದ್ದೆ. ಹದವಾಗಿ ಗಟ್ಟಿಯಾಗಿದ್ದರೆ ರೊಟ್ಟಿ; ಮಕ್ಕಳನ್ನೂ ಕರೆತನ್ನಿ. ಒಣಗಿ ಧೂಳೆದ್ದರೆ ಹುರಿಹಿಟ್ಟು. ಈ ಲೆಕ್ಕ ಅರ್ಥವಾಗದ ಕನ್ನಡಿಗ ಯಾರಿದ್ದಾನೆ? ಇದ್ದರು! ಧಾರವಾಡದ ಕಡೆಯವರೊಬ್ಬರು ಗುಂಪಿನಲ್ಲಿ ಬರೆದರು: "ಸರ, ಈ ಮುದ್ದಿ ಗಿದ್ದಿ ನಮಗ ತಿಳಿಯಂಗಿಲ್ರಿ. ಜ್ವಾಳದ ಹಿಟ್ಟಿನ ಲೆಕ್ಕದಾಗ ಹೇಳ್ರಿ." ಭಾವ ಒಂದು ವಾರ ತಲೆ ಕೆಡಿಸಿಕೊಂಡು ಉತ್ತರ ಕರ್ನಾಟಕ ಆವೃತ್ತಿ ಹೊರಡಿಸಿದರು. ಅದು ಹೊರಬಿದ್ದ ಹತ್ತು ನಿಮಿಷಕ್ಕೆ ಮಂಗಳೂರಿನವರು ಕೇಳಿದರು: "ನಮಗೆ ನೀರುದೋಸೆಯಲ್ಲಿ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೇ?"

ಅಳತೆಯ ಉಪಕರಣ ಯಾವುದು ಅಂತೀರಾ? ಅಕ್ಕನ ಮುದ್ದೆ ಕೋಲು! ಮಂಡ್ಯದಿಂದ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟು ತಂದದ್ದು. ಭಾವ ಅದರ ಮೇಲೆ ಮಾರ್ಕರಿನಲ್ಲಿ ಒಂದರಿಂದ ಹನ್ನೆರಡರವರೆಗೆ ಇಂಚು ಗುರುತು ಹಾಕಿದರು. ಅಕ್ಕ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳನ್ನೆಲ್ಲ ಸುತ್ತಿದರೂ ಇನ್ನೊಂದು ಕೋಲು ಸಿಗಲಿಲ್ಲ. ಲಟ್ಟಣಿಗೆಯಲ್ಲಿ ಹಿಟ್ಟು ತೊಳಸತೊಡಗಿದಳು. ಮುದ್ದೆ ಗಂಟುಗಂಟಾಗುತ್ತಿತ್ತು.

"ಗಂಟಿದೆ ಅಂತ ಬಾಯಿಬಿಟ್ಟು ಹೇಳಿದ್ರೆ ತಡ್ಕೋಬಹುದು ಕಣೋ" ಎಂದು ನನಗೆ ಫೋನಿನಲ್ಲಿ ದೂರಿದಳು. "ತಟ್ಟೆ ಮುಂದೆ ಕೂತು 'ಮೇಲೆ ನೈಸು, ಒಳಗೆ ಕಲ್ಲು, ಹುಷಾರಾಗಿ ಹೋಗಿ' ಅಂತಾರೆ!"

ಕಣಿವೆಯ ಬಾಗಿಲು ಕಾಯುವ ಅಮೆರಿಕನ್ ಹೆಂಗಸು ಒಂದು ದಿನ, ನೆಲಕ್ಕೆ ಕೋಲು ಚುಚ್ಚಿ ಕಣ್ಣು ಕಿರಿದು ಮಾಡಿ ನಿಂತಿದ್ದ ಭಾವನನ್ನು ವಿಚಾರಿಸಿದಳು. ಇವರು ಅರ್ಧ ಗಂಟೆ ವಿವರಿಸಿದರು. ಆಮೇಲಿನಿಂದ ಮಳೆ ನಿಂತ ಮರುದಿನ ಅವಳೇ ದೂರದಿಂದ ಕೂಗಿ ಕೇಳುತ್ತಿದ್ದಳಂತೆ: "ಗುಡ್ ಮಾರ್ನಿಂಗ್ ಸರ್! ಮುದ್ದೆ ಟುಡೇ?"

ಆ ವರ್ಷವೇ ಚಳಿಗಾಲದಲ್ಲಿ ಭಾವ ಹಿಮಕ್ಕೂ ಕೈ ಹಾಕಿದರು. ಊರಿಂದ ಪೂರ್ವಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಲಗೂನಾ ಬೆಟ್ಟ. ಮೇಲೆ ಪೈನ್ ಮರಗಳ ನಡುವೆ ಅಗಲವಾದ ಹುಲ್ಲುಗಾವಲು. ಹಿಮ ಬಿದ್ದರೆ ಅಲ್ಲಿ ಸ್ಕೀ ಮಾಡುತ್ತಾರೆ. ಮೇಲಿನಿಂದ ಕೆಳಕ್ಕೆ ಜಾರುವ ಸ್ಕೀ ಅಲ್ಲ. ಸಮತಟ್ಟಾದ ನೆಲದಲ್ಲಿ ಮೈಲಿಗಟ್ಟಲೆ ಕಾಲೆಳೆದುಕೊಂಡು ಹೋಗುವ ಸ್ಕೀ. "ವಾಕಿಂಗೇ ಕಣೋ, ಕಾಲಿಗೆ ಹಲಗೆ ಕಟ್ಕೊಂಡು" ಎಂಬುದು ಅಕ್ಕನ ವ್ಯಾಖ್ಯಾನ. ಭಾವ ಒಂದು ಜೊತೆ ಹಳೇ ಹಲಗೆ ಕೊಂಡು, ಐವತ್ತೆರಡನೇ ವಯಸ್ಸಿನಲ್ಲಿ ಬಿದ್ದೂ ಎದ್ದೂ ಕಲಿತರು.

ಸೀಸನ್ನಿನ ಮೊದಲ ಹಿಮ ಮೋಸದ ಹಿಮ. ನೋಡಿದರೆ ಎಲ್ಲ ಬೆಳ್ಳಗೆ. ಅಡಿಯಲ್ಲಿ ಕಲ್ಲು, ಬೇರು, ಹುಲ್ಲಿನ ಕೂಳೆ. ಆದ್ದರಿಂದ ಹಿಮದ ವರದಿ ಇನ್ನೂ ಕಟ್ಟುನಿಟ್ಟು. ಹೊಸದಾಗಿ ಬಿದ್ದದ್ದು ಕೊಬ್ಬರಿ ತುರಿ. ಮಧ್ಯಾಹ್ನ ಕರಗಿದ್ದು ಮೊಸರನ್ನ. ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು ಕಲ್ಲುಸಕ್ಕರೆ. "ಬೆಟ್ಟ: ಬರೀ ಒಗ್ಗರಣೆ. ಹಿಮಕ್ಕಿಂತ ಕಲ್ಲು ಜಾಸ್ತಿ. ಯಾರೂ ಬರಬೇಡಿ" ಎಂದು ಬರೆದು, ತಾವು ಮಾತ್ರ ಸಂಜೆಯವರೆಗೂ ಅಲ್ಲೇ ಇರುತ್ತಿದ್ದರು.

ಯಾರೂ ಬರಬೇಡಿ ಎಂದು ಗುಂಪಿಗೆ ಬರೆದ ದಿನವೂ ನನಗೆ ಮಾತ್ರ ಬೇರೆಯಾಗಿ ಫೋನು ಬರುತ್ತಿತ್ತು.

"ಬಾರಯ್ಯಾ, ಒಂದ್ಸಲ ನೋಡು. ಲಾಸ್ ಏಂಜಲೀಸಲ್ಲಿ ಕೂತು ಏನ್ ಕಡಿದು ಗುಡ್ಡೆ ಹಾಕ್ತಿದೀಯಾ?"

"ಎಷ್ಟಿದೆ ಭಾವ?"

"ಎರಡಿದೆ."

"ಎರಡು ಇಂಚಿಗೆ ಎರಡೂವರೆ ಗಂಟೆ ಡ್ರೈವ್ ಮಾಡ್ಲಾ? ಆರು ಇಂಚಾಗ್ಲಿ, ಖಂಡಿತ ಬರ್ತೀನಿ."

ಇಂಚಿಗಿಷ್ಟು ಗಂಟೆ ಎಂದು ಲೆಕ್ಕ ಹಾಕಿ ಸಂಬಂಧಿಕರ ಮನೆಗೆ ಹೋಗುವವನು ನಾನೊಬ್ಬನೇ ಇರಬೇಕು! ಎರಡು ಚಳಿಗಾಲ ಇದೇ ಮಾತು. ನವೆಂಬರಿನಲ್ಲಿ ಕಡಿಮೆ ಎನ್ನುತ್ತಿದ್ದೆ. ಜನವರಿಯಲ್ಲಿ ಹೆಚ್ಚು ಬಿದ್ದಾಗ ಆಫೀಸು, ಮಗಳ ಡಾನ್ಸ್ ಕ್ಲಾಸು ಎನ್ನುತ್ತಿದ್ದೆ. ಅವರಿಗೂ ನನ್ನಂತೆ ಅಂಕಿಯ ಮೇಲೆ ಭಕ್ತಿ. "ಆರು ತಾನೇ? ಆಯ್ತು ಬಿಡು" ಎಂದು ಫೋನಿಡುತ್ತಿದ್ದರು. ಒಮ್ಮೆ ಯಾರದೋ ಮಗುವಿನ ನಾಮಕರಣದಲ್ಲಿ, ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದಾಗ, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು:

"ನಿನ್ನ ಶೂ ನಂಬರ್ ಎಷ್ಟಯ್ಯಾ?"

"ಒಂಬತ್ತೂವರೆ. ಯಾಕೆ ಭಾವ?"

"ಸುಮ್ನೆ" ಎಂದವರು ಮಗುವಿನ ಮೇಲೆ ಅಕ್ಷತೆ ಹಾಕಿದರು. ಯಾಕೆ ಎಂದು ನಾನು ಮತ್ತೆ ಕೇಳಲಿಲ್ಲ. ಹತ್ತು ವರ್ಷ ಸುದ್ದಿಮನೆಯಲ್ಲಿದ್ದವನು ಕೇಳಬೇಕಿತ್ತು.

ಈಗ ಆ ಶನಿವಾರ. "ಲಗೂನಾ: ಆರು ಇಂಚು. ಹದ: ಕೊಬ್ಬರಿ ತುರಿ." ಮಲಗಿದಲ್ಲಿಂದಲೇ ಓದಿದೆ. ಎದ್ದು ಶೂ ಹುಡುಕಬೇಕಿತ್ತು. ನಾನು ಹುಡುಕಿದ್ದು ತಪ್ಪನ್ನು. ಬೆಟ್ಟದ ರಸ್ತೆಯ ಕ್ಯಾಮೆರಾ ತೆರೆದರೆ ಹಿಮದ ಮೇಲೆ ಹುಲ್ಲಿನ ತುದಿ ಕಾಣುತ್ತಿತ್ತು. ಬೆಟ್ಟದ ಮೇಲಿನ ಅಂಗಡಿಗೆ ಫೋನು ಮಾಡಿದೆ. ಎರಡು ಇಂಚು ಎಂದರು. ಗುಂಪಿನ ಒಂದು ಕುಟುಂಬ ಆಗಲೇ ಅಲ್ಲಿತ್ತು. ಅವರೂ ಎರಡೇ ಎಂದರು. ಎರಡು ಮೂಲಗಳಿಂದ ಖಚಿತವಾಯಿತಲ್ಲ, ಇನ್ನೇನು ತಡ! ಗುಂಪಿನಲ್ಲಿ ಪ್ರಕಟಿಸಿದೆ:

"ತಿದ್ದುಪಡಿ: ಇಂದು ಬೆಳಿಗ್ಗೆ ಲಗೂನಾದಲ್ಲಿ ಆರು ಇಂಚು ಹಿಮವಿದೆ ಎಂದು ವರದಿಯಾಗಿತ್ತು. ಅದು ಎರಡು ಇಂಚು ಎಂದಿರಬೇಕಿತ್ತು. ಪ್ರಮಾದಕ್ಕೆ ವಿಷಾದಿಸುತ್ತೇವೆ."

ಗುಂಪಿನ ತುಂಬ ನಗುವ ಮುಖಗಳು. "ಸರ, ಕೋಲು ತಲಿಕೆಳಗ ಹಿಡಿದಿದ್ರೇನ್ರಿ?" ಎಂದರು ಧಾರವಾಡದವರು. ನಾನೂ ನಕ್ಕೆ. ಮಧ್ಯಾಹ್ನ ಭಾವನಿಂದ ಒಂದು ಪದ ಬಂತು: "ಸರಿ."

ಮುಂದಿನ ಶನಿವಾರ ವರದಿ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಡಿಸೆಂಬರಿನ ಮಳೆಯ ಮಾರನೇ ದಿನ ಮೂರು ಕುಟುಂಬಗಳು ಕಣಿವೆಗೆ ಹೋಗಿ ಸೈಕಲ್ ಹೊತ್ತುಕೊಂಡು ಬಂದವು. ಹೇಳುವವರೇ ಇರಲಿಲ್ಲವಲ್ಲ. ನಾನು ಫೋನು ಮಾಡಿದರೆ ಭಾವ ಎಂದಿನಂತೆಯೇ ಮಾತಾಡುತ್ತಿದ್ದರು. ಊಟ, ಆಫೀಸು, ಮಗಳ ಡಾನ್ಸು, ಎಲ್ಲ ವಿಚಾರಿಸುತ್ತಿದ್ದರು. ಹಿಮದ ಮಾತು ಮಾತ್ರ ಅವರು ಎತ್ತಲಿಲ್ಲ. ಎಷ್ಟಿದೆ ಎಂದು ನಾನೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಬಿತ್ತು ನೋಡಿ ಹಿಮ! ಮುದ್ದೆ ಕೋಲೇ ಮುಳುಗುವಷ್ಟು. ಅಷ್ಟರಲ್ಲಿ ಭಾವನ ಬಲ ಮಂಡಿಯ ಆಪರೇಷನ್ ಆಗಿತ್ತು. ಇನ್ನು ಸ್ಕೀ ಬೇಡವೇ ಬೇಡ ಎಂದು ಡಾಕ್ಟರ್ ಹೇಳಿದ್ದರು. ನೋಡಲು ಹೋದೆ. ಅಕ್ಕ ಗ್ಯಾರೇಜಿನಿಂದ ಅಕ್ಕಿ ಮೂಟೆ ತಂದುಕೊಡು ಎಂದಳು. ಮೂಟೆಯ ಹಿಂದೆ ಗೋಡೆಗೆ ಎರಡು ಜೊತೆ ಸ್ಕೀ ಒರಗಿಸಿತ್ತು. ಒಂದು ಸವೆದದ್ದು. ಇನ್ನೊಂದನ್ನು ಹಳೇ ಪಂಚೆಯಲ್ಲಿ ಸುತ್ತಿಟ್ಟಿತ್ತು. ಅದರ ಬುಡದಲ್ಲಿ ಒಂದು ಜೊತೆ ಬೂಟು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಒಂಬತ್ತೂವರೆ.

"ಅಕ್ಕಾ, ಇದು..."

"ಇನ್ಯಾರ್ದು, ನಿಂದೇ" ಎಂದಳು ಅಕ್ಕ. ಅಕ್ಕಿ ತರಲು ತಡವಾಯಿತೆಂದು ಹಿಂದೆಯೇ ಬಂದು ನಿಂತಿದ್ದಳು. "ಹೋದಾಗೆಲ್ಲ ಕಾರಲ್ಲಿ ಹಾಕ್ಕೊಂಡು ಹೋಗೋರು, ಹಾಗೇ ವಾಪಸ್ ತರೋರು. ಅವತ್ತು ನೀನು ಅದೇನೋ ತಿದ್ದುಪಡಿ ಹಾಕಿದ್ಯಲ್ಲ, ಅವತ್ತೂ ಹನ್ನೊಂದು ಗಂಟೆವರೆಗೆ ಪಾರ್ಕಿಂಗಲ್ಲೇ ಕೂತಿದ್ರಂತೆ. ಆರು ಅಂದ್ರೆ ಬರ್ತೀನಿ ಅಂದಿದಾನೆ, ಹೊರಟಿರ್ತಾನೆ ಅಂತ. ನಿನ್ನ ತಿದ್ದುಪಡಿ ನೋಡಿದ್ದೇ ಆಮೇಲೆ."

"ಇದ್ದದ್ದು ಎರಡಲ್ವಾ?"

"ಒಂದ್ಕಡೆ ಆರು ಇತ್ತಂತೆ. ನೆರಳಲ್ಲಿ. ಇಡೀ ಬೆಟ್ಟ ಹುಡುಕಿ ಅಲ್ಲಿ ಚುಚ್ಚಿದಾರೆ."

"ಎಲ್ಲಿ?"

"ಟಾಯ್ಲೆಟ್ ಗೋಡೆ ಹಿಂದೆ! ಅಲ್ಲಿ ಚುಚ್ಚಿದ ಕೋಲನ್ನ ನಾನಿನ್ನು ಮುದ್ದೆಗೆ ಹಾಕ್ತೀನಾ?" ಎಂದು ಅಕ್ಕ ನಗಲು ಹೋದಳು. ನಗು ಪೂರ್ತಿ ಬರಲಿಲ್ಲ.

ಹಾಲಿನಲ್ಲಿ ಭಾವ ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತೆ.

"ಭಾವ, ನೆರಳಲ್ಲಿ ಆರು ಇತ್ತು ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ತಿದ್ದುಪಡಿ ಹಾಕ್ಬಿಟ್ಟಿದ್ಯಲ್ಲಯ್ಯಾ."

"ಈಗ ಅದಕ್ಕೇ ಇನ್ನೊಂದು ತಿದ್ದುಪಡಿ ಹಾಕ್ತೀನಿ."

"ಹಳೇ ಹಿಮಕ್ಕೆ ಹೊಸ ವರದಿ ಯಾಕೆ?" ಎಂದು ಐಸ್ ಚೀಲ ಸರಿಪಡಿಸಿಕೊಂಡರು. ಅದನ್ನು ಒತ್ತಿ ನೋಡಿ, "ಮೊಸರನ್ನ" ಎಂದರು.

ಹೊರಡುವಾಗ ಅಕ್ಕ ಕೋಲನ್ನೂ ಪಂಚೆ ಸುತ್ತಿದ್ದ ಸ್ಕೀ, ಬೂಟುಗಳನ್ನೂ ನನ್ನ ಕಾರಿಗೆ ಹಾಕಿದಳು.

ಕಳೆದ ಚಳಿಗಾಲದ ಮೊದಲ ಹಿಮ ಬಿದ್ದ ಮೇಲಿನ ಶನಿವಾರ, ಬೆಳಿಗ್ಗೆ ಏಳೂಕಾಲಿಗೆ ಗುಂಪಿಗೆ ಒಂದು ವರದಿ ಹೋಯಿತು: "ಲಗೂನಾ. ಹುಲ್ಲುಗಾವಲು: ಎರಡು ಇಂಚು. ಟಾಯ್ಲೆಟ್ ಗೋಡೆಯ ನೆರಳು: ಆರು. ಹದ: ಕೊಬ್ಬರಿ ತುರಿ." ವರದಿ ಕಳಿಸಿದವನು ಹನ್ನೊಂದು ಗಂಟೆಯವರೆಗೆ ಪಾರ್ಕಿಂಗಿನಲ್ಲಿ ಕೂತಿದ್ದ. ಭಾವ ಅದನ್ನು ಏಳು ಗಂಟೆ ಹದಿನೆಂಟು ನಿಮಿಷಕ್ಕೆ ಓದಿದ್ದಾರೆ. ಉತ್ತರ ಬಂದಿಲ್ಲ.