ಆರು ಜನರ ದೋಣಿ

ಪ್ರಶ್ನೆ ಕೇಳುವುದೇ ನಮ್ಮ ಕಸುಬು. ಉತ್ತರ ಕೇಳಿ ಬಾಯಿ ಮುಚ್ಚಿಕೊಳ್ಳುವ ಪ್ರಸಂಗಗಳೂ ಹಾಗಾಗಿ ನಮಗೇ ಜಾಸ್ತಿ.

ನಾನು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಹಾಸನದಲ್ಲಿ ಒಂದು ತರಬೇತಿಯಲ್ಲಿ ನಮಗೊಂದು ಸಿನಿಮಾ ತೋರಿಸಿದರು. ಅದರಲ್ಲಿ ಮೇಷ್ಟ್ರೊಬ್ಬ ಮಕ್ಕಳನ್ನು ಕೇಳುತ್ತಾನೆ: ಪ್ರಳಯ ಬಂದಿದೆ, ಜನ ಹತ್ತು, ಜಾಗ ಇರುವುದು ಆರಕ್ಕೆ, ಯಾರನ್ನು ಉಳಿಸುತ್ತೀರಿ? ನನಗದು ಹುಚ್ಚು ಹಿಡಿಸಿತು. ಒಂದು ದೋಣಿ ಕಲ್ಪಿಸಿಕೊಂಡು, ಹೋದ ಹೋದ ಕಾಲೇಜಿನಲ್ಲೆಲ್ಲ ಅದನ್ನೇ ಆಡಿಸಿದೆ.

ಚನ್ನರಾಯಪಟ್ಟಣ: ಡಾಕ್ಟರು

ಬೋರ್ಡಿನ ಮೇಲೆ ಹತ್ತು ಜನರ ಪಟ್ಟಿ ಬರೆದೆ. ಡಾಕ್ಟರಿಗೆ ಮೊದಲು ಜಾಗ ಸಿಗುತ್ತದೆ ಅಂದುಕೊಂಡಿದ್ದೆ. ನುಗ್ಗೇಹಳ್ಳಿ ಕಡೆಯ ಹುಡುಗನೊಬ್ಬ ಎದ್ದ.

“ಯಾವ್ ಡಾಕ್ಟ್ರು ಸಾ? ದನದ ಡಾಕ್ಟ್ರಾದ್ರೆ ಇರ್ಲಿ.”

“ದೋಣಿಯಲ್ಲಿ ದನವೇ ಇಲ್ಲವಲ್ಲಯ್ಯ!”

ಅವನು ನನ್ನನ್ನು ಕನಿಕರದಿಂದ ನೋಡಿದ. “ಅಂಗಾರೆ ನೀರಿಳಿದ್ಮೇಲೆ ಡೇರಿಗೆ ಏನ್ ಆಕದು ಸಾ?”

ತರಗತಿ ಗಂಭೀರವಾಗಿ ಚರ್ಚಿಸಿ, ಮಂತ್ರಿ ಮತ್ತು ಇಂಜಿನಿಯರ್ ಇಬ್ಬರನ್ನೂ ಇಳಿಸಿ ಒಂದು ಹಸು ಹತ್ತಿಸಿತು.

ಅರಕಲಗೂಡು: ಮೇಷ್ಟ್ರು

ವರ್ಗವಾಗಿ ಅಲ್ಲಿಗೆ ಹೋದಾಗ, ಪಟ್ಟಿಗೆ ಒಬ್ಬ ತರ್ಕಶಾಸ್ತ್ರದ ಮೇಷ್ಟ್ರನ್ನೂ ಸೇರಿಸಿದೆ. ಎದುರಿಗೇ ನಿಂತಿದ್ದೇನಲ್ಲ, ದಾಕ್ಷಿಣ್ಯಕ್ಕಾದರೂ ಉಳಿಸುತ್ತಾರೆ ಎಂಬ ಆಸೆ. ಒಂದೇ ನಿಮಿಷದಲ್ಲಿ ಇಳಿಸಿದರು.

“ಯಾಕ್ರೋ?” ಎಂದೆ.

ಮುಂದಿನ ಬೆಂಚಿನ ಹುಡುಗಿ ಸಮಾಧಾನ ಹೇಳಿದಳು: “ಬೇಜಾರ್ ಮಾಡ್ಕಬೇಡಿ ಸಾ. ಒಬ್ರನ್ನ ಇಳ್ಸೋದೆಂಗೆ ಅಂತ ನಮ್ಗೆ ಹೇಳ್ಕೊಟ್ಟಾಯ್ತಲ್ಲ, ನಿಮ್ ಕೆಲ್ಸ ಮುಗೀತು.”

ಹೊಳೆನರಸೀಪುರ: ಖಾಲಿ ಹಾಳೆ

ಇಲ್ಲಿ ಉಳಿಸುವವರ ಹೆಸರುಗಳನ್ನು ಬರೆದು ಕೊಡಲು ಹೇಳಿದ್ದೆ. ಒಬ್ಬಳು ಖಾಲಿ ಹಾಳೆ ಕೊಟ್ಟಳು. ಎಲ್ಲರ ಎದುರಿಗೇ, ಜೋರಾಗಿ ಕಾರಣ ಕೇಳಿದೆ.

“ಚಿಕ್ಕೋರಿದ್ದಾಗ ನಾನು, ನನ್ ತಂಗಿ ನಾಲೆ ನೀರ್ಗೆ ಬಿದ್ಬುಟ್ಟಿದ್ವಿ ಸಾ. ಅಮ್ಮ ಹಾರಿದ್ಲು. ನನ್ ಕೈ ಸಿಕ್ತು. ಅವಳ್ದು ಸಿಗ್ಲಿಲ್ಲ.” ಆ ಖಾಲಿ ಹಾಳೆ ನೋಡುತ್ತ, “ಅಮ್ಮ ಆರ್ಸಿದ್ದಲ್ಲ ಸಾ, ಸಿಕ್ಕಿದ್ದು” ಎಂದಳು.

ಹಾಳೆಗಳನ್ನೆಲ್ಲ ಹರಿದು ಹಾಕಿ, ಅಲ್ಲೇ ಅವಳ ಕ್ಷಮೆ ಕೇಳಿದೆ. ಎರಡು ದಿನ ಅನ್ನ ಸೇರಲಿಲ್ಲ.

ಅವಳ ಅಮ್ಮ

ಮೂರನೆಯ ದಿನ ಆ ತಾಯಿಯೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಬೈದರೆ ಬೈಯಲಿ ಎಂದು ಎದ್ದು ನಿಂತೆ. “ತಪ್ಪಾಯಿತಮ್ಮ.”

“ಜಗಳಕ್ ಬಂದಿಲ್ಲ ಕಣ್ ಸಾ. ಮಗಳು ತಂಗಿ ಹೆಸ್ರೆತ್ತಿ ಎಷ್ಟೋ ವರ್ಸಾಗಿತ್ತು. ಮೊನ್ನೆ ಬಂದು ಹೇಳುದ್ಲು. ಇಬ್ರೂ ಕೂತ್ಕಂಡು ಅತ್ಬುಟ್ವಿ. ಎದೆ ಅಗುರಾಯ್ತು.” ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಆದ್ರೂ ಒಂದ್ ಮಾತ್ ಕೇಳ್ತೀನಿ. ಆ ದೋಣಿ ನಿಜವಾದ್ದಾ?”

“ಇಲ್ಲಮ್ಮ, ಬರೀ ಕಲ್ಪನೆ. ನಾನೇ ಮನಸ್ಸಿನಲ್ಲಿ ಮಾಡಿಕೊಂಡಿದ್ದು.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮನಸ್ನಲ್ಲೇ ಮಾಡೋದಾದ್ರೆ, ಹತ್ತೂ ಜನ ಕೂರಂಗೇ ಮಾಡಾಕ್ ಏನಾಗಿತ್ತು ಸಾ ನಿಮ್ಗೆ?”