ಅಜ್ಜಿಯ ದನಿಗೆ ಪಾವಾ ಹುಡುಕಿದ್ದು

ನಮ್ಮ ಕ್ವಾರ್ಟರ್ಸ್‌ನಲ್ಲಿ ಏನು ಒಡೆದರೂ ಮೊದಲು ನನ್ನ ಹೆಸರು ಕೂಗಿ, ಆಮೇಲೆ ಒಡೆದದ್ದು ಏನು ಅಂತ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ, ಹೆಚ್ಚುಕಡಿಮೆ ನಾನೇ ಇರುತ್ತೇನೆ. ಶಾಲೆ ನನ್ನನ್ನು ಒಂಬತ್ತನೇ ಕ್ಲಾಸಿನಲ್ಲೇ ಬಿಟ್ಟಿತು, ಇಂಥ ಪ್ರಸಂಗಗಳು ಮಾತ್ರ ಇನ್ನೂ ಬಿಟ್ಟಿಲ್ಲ. ಈ ಸಂಕ್ರಾಂತಿಯದನ್ನೇ ಹೇಳುತ್ತೇನೆ.

೧. ಗಾಳಿಪಟ ಇಳಿಯಿತು

ಮೇಲಿನ ಮನೆಯ ಕಾಕಾ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕುತ್ತಿಗೆಗೆ ಸದಾ ಪಟ್ಟಿ. ಕುತ್ತಿಗೆ ಹೊರಳುವುದಿಲ್ಲವಾದ್ದರಿಂದ ಅಡ್ಡ ಹಿಡಿಯುವ ಕೊಳಲು ಅವರಿಗೆ ಆಗದು. ಅವರದು ಪಾವಾ. ಸೀಟಿಯ ಹಾಗೆ ನೆಟ್ಟಗೆ ಬಾಯಿಗಿಟ್ಟು ಊದುವ, ಎರಡಡಿ ಉದ್ದದ, ದಪ್ಪ ದನಿಯ ಬಿದಿರು. ಶನಿವಾರದ ಭಜನೆಯಲ್ಲಿ ಕೆಳಗಿನ ಮನೆಯ ಅಜ್ಜಿ ಅದರ ಬೆನ್ನು ಹತ್ತಿಯೇ ಹಾಡುತ್ತಾರೆ. ಗಂಟಲಿನ ಆಪರೇಶನ್ ಆದಮೇಲೆ ಅಜ್ಜಿಯ ದನಿ ಪಾತಾಳಕ್ಕಿಳಿದು, ಒಂದು ವರ್ಷ ಹಾಡುವುದನ್ನೇ ಬಿಟ್ಟಿದ್ದರು. ಆ ಪಾವಾ ಜೊತೆಗೆ ಬಂದಮೇಲೆಯೇ ಮತ್ತೆ ಬಾಯಿ ತೆರೆದದ್ದು.

ಮದುವೆಗೆಂದು ಹುಬ್ಬಳ್ಳಿಗೆ ಹೊರಟ ಕಾಕಾ ಪಾವಾವನ್ನು ನನ್ನ ಕೈಗಿಟ್ಟರು. "ದಿನಾ ಒಂದ್ ಸಲ ಎಣ್ಣಿ ಒರಸು. ಶನಿವಾರ ಮುಂಜಾನೆ ಬರ್ತೀನಿ. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ."

ಯಾರ ಕೈಗೂ ಕೊಡಲಿಲ್ಲ. ಮಂಗಳವಾರ ಬೇವಿನ ಮರಕ್ಕೆ ಗಾಳಿಪಟ ಸಿಕ್ಕಿಬಿತ್ತು. ಮರ ಹತ್ತಿದರೂ ನನ್ನ ಕೈ ಎರಡಡಿ ಸಾಲಲಿಲ್ಲ. ಎರಡಡಿಯದು ಮನೆಯಲ್ಲಿತ್ತು. ಗಾಳಿಪಟ ಇಳಿಯಿತು. ಪಾವಾ ಅದಕ್ಕೂ ಮೊದಲೇ ಇಳಿದು, ಕಲ್ಲಿಗೆ ಬಡಿದು, ಉದ್ದಕ್ಕೆ ಸೀಳಿತು.

ಗೋಂದು ಹಚ್ಚಿ, ದಾರ ಸುತ್ತಿ, ದೇವರನ್ನು ನೆನೆದು ಊದಿದೆ. ಅಡಿಗೆಮನೆಯಿಂದ ಅವ್ವ ಕೂಗಿದಳು: "ಹೊಟ್ಟಿ ಕೆಟ್ಟೈತೇನೋ? ಅಜವಾನ ತಿನ್ನು!"

೨. ಸೀತಾಬರ್ಡಿಯ ಸಲಹೆ

ಬುಧವಾರ ಸೀತಾಬರ್ಡಿಯ ಬಜಾರಿಗೆ ಓಡಿದೆ. ವಾದ್ಯದ ಅಂಗಡಿಯವನು ತೋರಿಸಿದ್ದೆಲ್ಲ ಪೆನ್ಸಿಲ್ಲಿನಷ್ಟು ತೆಳ್ಳಗೆ. ಊದಿದರೆ ಗುಬ್ಬಿ ಅಳುತ್ತದೆ.

"ಮೋಟಾ ಆವಾಜ್ ಬೇಕು," ಅಂದೆ.

"ಎಷ್ಟು ಮೋಟಾ?"

ನನ್ನ ಮೊಬೈಲಿನಲ್ಲಿ ಅಜ್ಜಿ ಹಾಡಿದ ನಾಲ್ಕು ಸೆಕೆಂಡ್ ಇತ್ತು. ಚೇಷ್ಟೆಗೆಂದು ರಿಂಗ್‌ಟೋನ್ ಮಾಡಿಕೊಂಡಿದ್ದೆ. ಅದನ್ನೇ ಜೋರಾಗಿ ಹಾಕಿದೆ. ಗಿಟಾರ್ ನೋಡುತ್ತಿದ್ದ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅಂಗಡಿಯವನು ಗಂಭೀರವಾಗಿ ಒಳಗೆ ಹೋಗಿ ತೋಳಿನಷ್ಟು ಉದ್ದದ ಕೊಳಲು ತಂದ. ದನಿ ಸರಿಯಾಗಿ ಕೂಡಿತು! ಆದರೆ ಅದು ಅಡ್ಡ ಹಿಡಿಯುವ ಕೊಳಲು.

"ಊದುವವರ ಕುತ್ತಿಗೆ ಹೊರಳೋದಿಲ್ಲ ಭಾವೂ," ಅಂದೆ.

ಅವನು ಕೊಳಲು ಕಟ್ಟಿಕೊಡುತ್ತಲೇ ಹೇಳಿದ: "ಇಂಥಾ ಮಾಲು ಮತ್ತೆ ಸಿಗಲ್ಲ. ಮೊದಲು ಇದನ್ನು ತಗೊಂಡು ಹೋಗು, ಕುತ್ತಿಗೆ ಆಮೇಲೆ ರಿಪೇರಿ ಮಾಡಿಸು."

೩. ನೀರು ಬಂತು

ಕೊಳಲು ಅಂಗಡಿಯಲ್ಲೇ ಉಳಿಯಿತು. ಗುರುವಾರ, ಅಂದರೆ ಇನ್ನೆರಡೇ ದಿನ. ಬುಟಿಬೋರಿಯಲ್ಲಿ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಗೆ ಹೋಗುವ ಗೆಳೆಯನೊಬ್ಬ ಒಂದು ತುಂಡು ತಂದುಕೊಟ್ಟ. ಸೀಳಿದ ಪಾವಾವನ್ನು ಪಕ್ಕದಲ್ಲಿಟ್ಟು ಅಳೆದು, ಕಾಯಿಸಿದ ಮೊಳೆಯಿಂದ ಆರು ತೂತು ಕೊರೆದೆ. ಬಾಯಿಗೆ ಕಟ್ಟಿಗೆಯ ಬೆಣೆ ಕೂರಿಸಿದೆ. ಟೆರೇಸ್ ಮೇಲೆ ಟ್ಯಾಂಕಿನ ಹಿಂದೆ ಕೂತು, ಇದ್ದ ಉಸಿರನ್ನೆಲ್ಲ ಹಾಕಿದೆ.

ಬುಳಕ್ ಬುಳಕ್ ಭೂ...ಂ ಅಂತ ದನಿ ಎದ್ದಿತು.

ಕೆಳಗೆ ದಡದಡ ಬಾಗಿಲು ತೆರೆದವು. ಎರಡು ದಿನದಿಂದ ನಳ ಬಂದಿರಲಿಲ್ಲ. ಬರುವ ಮುಂಚೆ ನಮ್ಮ ನಳಗಳು ಹೀಗೆಯೇ ಕೂಗುತ್ತವೆ. ಇಣುಕಿದರೆ ಇಡೀ ಬಿಲ್ಡಿಂಗಿನ ಹೆಂಗಸರು ಬಕೆಟ್ ಹಿಡಿದು ಅಂಗಳದ ನಳಕ್ಕೆ ಸಾಲು ನಿಂತಿದ್ದಾರೆ. ಮುಂದೆ ನಮ್ಮವ್ವ. ಹೆದರಿ ಊದುವುದು ನಿಲ್ಲಿಸಿದೆ.

"ಹೋತು ನೋಡ್ರಿ! ಬರಾಕ ಹತ್ತಿತ್ತು, ಹೋತು!" ಅಂತ ಅವ್ವ ಹಲುಬಿದಳು. ಪಾಪ ಅನಿಸಿ ಇನ್ನೊಂದು ಸಲ ಊದಿದೆ.

೪. ಬಾಯಿ ತೊಳೆದು ಬಾ

ಶುಕ್ರವಾರ ಗಾಂಧಿಬಾಗಿನ ಮಾರ್ಕೆಟ್ಟಿನಲ್ಲಿ ಒಬ್ಬ ಮುದುಕ ಸಿಕ್ಕ. ಮೂಟೆ ಹೊರುವ ಕೆಲಸ, ಊರಲ್ಲಿ ದನ ಕಾಯುವ ಮನೆತನ. ಕೆಲಸ ಇಲ್ಲದಾಗ ಮೂಟೆಗೆ ಒರಗಿ ಪಾವಾ ಮಾಡುತ್ತಾನೆ.

ನಾನು ಕೈ ಚಾಚಿದರೆ ಮೂಗು ಮುಂದೆ ತಂದು ಮೂಸಿದ. "ಖರ್ರಾ ತಿಂದಿದ್ದೀಯ. ಬಾಯಿ ತೊಳೆದು ಬಾ." ತಂಬಾಕು ಅಡಿಕೆಯ ಆ ಪುಡಿ ಬಿಟ್ಟು ವಾರವಾಯಿತು ಅಂತ ಆಣೆ ಮಾಡಿದೆ. "ಹಾಗಾದರೆ ಎರಡು ಸಲ ತೊಳೆದು ಬಾ."

ತೊಳೆದು ಬಂದಮೇಲೆ ಪಾಠ. "ಮೇಲಿನ ಸ್ವರ ಕತ್ತೆ ಊದಿದರೂ ಬರುತ್ತದೆ. ಎಲ್ಲ ತೂತು ಮುಚ್ಚಿ ಮೆಲ್ಲಗೆ ಊದು. ಕೆಳಗಿನ ಸ್ವರ ಅಲ್ಲಾಡದೆ ನಿಂತರೆ ಒಳ್ಳೇ ಮಾಲು." ಅಜ್ಜಿಯ ನಾಲ್ಕು ಸೆಕೆಂಡ್ ಕೇಳಿಸಿದೆ. ಮುದುಕ ಕಣ್ಣು ಮುಚ್ಚಿ ಕೇಳಿ, ಮೂಟೆಗಳ ಹಿಂದಿನಿಂದ ಒಂದು ಪಾವಾ ಎಳೆದ. ನೆಟ್ಟಗಿನದೇ, ಎರಡಡಿಯದೇ. ಊದಿದೆ. ಅಜ್ಜಿಯ ಮೊದಲ ಸ್ವರ, ಅಚ್ಚು ಹಾಕಿದ ಹಾಗೆ! ಗಾಳಿಪಟದ ದಾರ ಸುತ್ತಿದ ನನ್ನ ಮಾಂಜಾ ಚಕ್ರಿಯನ್ನು ಅವನ ಮೊಮ್ಮಗನಿಗೆ ಕೊಟ್ಟು ಅದನ್ನು ಎದೆಗವಚಿಕೊಂಡೆ.

"ಇದನ್ನು ಕಲಿಯಲು ಹತ್ತು ವರ್ಷ ಬೇಕು," ಅಂದ ಮುದುಕ.

"ನನ್ನ ಹತ್ತಿರ ನಾಳೆ ಮುಂಜಾನೆತನಕ ಟೈಮ್ ಇದೆ," ಅಂದೆ.

ಮುದುಕ ಪಾವಾವನ್ನು ವಾಪಸ್ ಕಸಿದುಕೊಳ್ಳಲು ಬಂದ. ಓಡಿದೆ.

೫. ಮೂರನೇ ತೂತು

ರಾತ್ರಿಯೆಲ್ಲ ಎಣ್ಣೆ, ಚಹಾದ ಡಿಕಾಕ್ಷನ್ ತಿಕ್ಕಿ ಹೊಸದನ್ನು ಹಳೆಯದಾಗಿಸಿದೆ. ಶನಿವಾರ ಕಾಕಾ ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ನೋಡಿ, "ಭಾಳ ಎಣ್ಣಿ ಹಚ್ಚೀಯಲೇ," ಅಂದರು. ನನ್ನ ಜೀವ ಬಾಯಿಗೆ ಬಂದು ವಾಪಸ್ ಹೋಯಿತು.

ಸಂಜೆ ಭಜನೆ. ಮೊದಲ ಸಾಲು ಬೆಣ್ಣೆಯ ಹಾಗೆ ಹೋಯಿತು. ಎರಡನೇ ಸಾಲಿನಲ್ಲಿ ಒಂದು ಸ್ವರ ಬಂತು ನೋಡಿ, ಪಾವಾ ಒಂದು ದಾರಿ, ಹಾರ್ಮೋನಿಯಂ ಇನ್ನೊಂದು ದಾರಿ, ಅಜ್ಜಿ ನಡುವೆ. ಮತ್ತೆ ಸುರು ಮಾಡಿದರು. ಮತ್ತೆ ಅಲ್ಲೇ ಎಡವಿದರು.

"ಅಜ್ಜಿ, ನೀವು ಇಳದ್ರಿ," ಅಂದರು ಹಾರ್ಮೋನಿಯಂ ಮಾಸ್ತರು.

ಮೂರನೇ ಸಲವೂ ಹಾಗೇ ಆಯಿತು. ಅಜ್ಜಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನ್ನ ಗಂಟಲ ಮುಗೀತವ್ವ. ಇನ್ನ ಸಾಕು."

ನಾನು ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಅಜ್ಜಿ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

"ಅಜ್ಜಿ, ನಿಮ್ಮ ಗಂಟಲ ಬರೋಬರ್ ಐತ್ರಿ. ಪಾವಾ ಬ್ಯಾರೆ ಐತಿ." ಮನೆಗೋಡಿ, ಸೀಳಿದ್ದನ್ನು ತಂದು ಕಾಕಾನ ಮುಂದೆ ಇಟ್ಟೆ. ಅಜ್ಜಿಯ ಮೊದಲ ಸ್ವರವೊಂದನ್ನೇ ಕೂಡಿಸಿ ತಂದದ್ದನ್ನೂ ಹೇಳಿದೆ. ಅವ್ವ ಚಪ್ಪಲಿ ಹುಡುಕತೊಡಗಿದಳು.

ಕಾಕಾ ಎರಡನ್ನೂ ಜೋಡಿಸಿ ಹಿಡಿದು, ಫಿಟ್ಟರನ ಕಣ್ಣಿನಿಂದ ನೋಡಿದರು. ತೂತುಗಳಿಗೆ ಬೆರಳಿಟ್ಟು ಅಳೆದು ಹೇಳಿದರು: "ಹೊಸಾದ ಬರೋಬರ್ ಐತಿ. ಹಳೇದರ ಮೂರನೇ ತೂತ ದೊಡ್ಡದಿತ್ತು. ಸ್ವರ ಏರತಿತ್ತು. ಇಷ್ಟ ವರ್ಷ ನಾವೇ ತಪ್ಪ ಬಾರಸೇವಿ."

ಮಾಸ್ತರು ಕೆಮ್ಮಿದರು. "ನನ್ನ ಪೇಟಿ ನಿಮಗ ಕೂಡವಲ್ದು ಅಂತ, ಅವಾಗ ನಾನೂ ಒಂದ್ ರೀಡ್ ಕೆರಸಿ ಸ್ವರ ಏರಸಿದ್ದೆ. ನನ್ನದ ತಪ್ಪ ಅಂತ ತಿಳದಿದ್ದೆ."

"ನೀವ್ ಬೇಕಾದ್ದ ಮಾಡ್ರಿ," ಅಂದರು ಅಜ್ಜಿ. "ಈ ವಯಸ್ಸಿನ್ಯಾಗ ನಾ ಬರೋಬರ್ ಹಾಡಾಕ ಕಲಿಯೂದಿಲ್ಲ."

ಕಾಕಾ ನನ್ನ ಕಡೆ ತಿರುಗಿದರು. ಕುತ್ತಿಗೆ ಹೊರಳದ ಕಾರಣ ಇಡೀ ಮೈಯೇ ತಿರುಗಿತು. "ಮ್ಯಾಲ ಹೋಗಿ ನನ್ನ ಕಾನಸು ತಾ." ಕಾನಸು ಅಂದರೆ ಕಬ್ಬಿಣ ತಿಕ್ಕುವ ಅರ. ಅದರಿಂದ ನನ್ನ ಯಾವ ಭಾಗ ತಿಕ್ಕುತ್ತಾರೋ ಅಂದುಕೊಳ್ಳುತ್ತಲೇ ತಂದುಕೊಟ್ಟೆ.

ಕಾಕಾ ಹೊಸ ಪಾವಾದ ಮೂರನೇ ತೂತಿಗೆ ಅದನ್ನು ಹಾಕಿದರು. ತಿಕ್ಕುವುದು, ಊದುವುದು, ತಿಕ್ಕುವುದು. ಅರ್ಧ ತಾಸಾದ ಮೇಲೆ ಅಜ್ಜಿ ಕಿವಿ ನಿಮಿರಿಸಿ, "ಹಾಂ! ಈಗ ಬಂತು!" ಅಂದವರೇ ಎತ್ತಿಕೊಂಡರು. ಎರಡನೇ ಸಾಲು ಮೂವರದೂ ಒಟ್ಟಿಗೆ, ಒಂದೇ ತಪ್ಪಿನಲ್ಲಿ, ಏನು ಚೆಂದ ದಾಟಿತು ಅಂತೀರಿ!

ಭಜನೆ ಮುಗಿದಮೇಲೆ ಕಾಕಾ ನನ್ನ ಕಿವಿ ಹಿಡಿದರು.

"ಇನ್ನೊಮ್ಮೆ ಮುರದ್ರ, ಇಷ್ಟ ಚಲೋದು ತರಬ್ಯಾಡಲೇ. ಅದನ್ನ ಕೆಡಸೂದ್ರಾಗ ನನ್ನ ಕೈ ಬಿದ್ದ ಹೋದ್ವು."