ಚಹಾದಲ್ಲಿ ಅದ್ದಿದ ಈಳಿಗೆ

ತಕರಾರು ಶುರುವಾದದ್ದು ಒಂದು ಬದನೆಕಾಯಿಯಿಂದ.

ತುರೋರಿಯ ಹೆದ್ದಾರಿ ಪಕ್ಕದಲ್ಲಿ ಕಂಬಾರ ಅಂಬಾದಾಸನ ಕುಲುಮೆ. ಅದರ ಬೆನ್ನಿಗೇ ಅಂಟಿಕೊಂಡಂತೆ ಮನೆ. ಆ ಬೆಳಿಗ್ಗೆ ಅವನ ಹೆಂಡತಿ ಜಯಮಾಲಾ ಕುಲುಮೆಯ ಮುಂದಿನ ತಗಡಿನ ನೆರಳಿನಲ್ಲಿ ಈಳಿಗೆ ಮಣೆಯ ಮೇಲೆ ಕೂತು, ಬದನೆಕಾಯಿಯನ್ನು ಅಲಗಿಗೆ ಒತ್ತಿದಳು. ಅದು ಕೊಯ್ಯಲಿಲ್ಲ. ಇನ್ನಷ್ಟು ಒತ್ತಿದಳು. ಬದನೆಕಾಯಿ ಒದ್ದೆ ಸಾಬೂನಿನ ಹಾಗೆ ಜಾರಿ, ಪುಟಿದು, ಉರುಳುತ್ತ ರಸ್ತೆಗೆ ಹೋಗಿ, ಹೈದರಾಬಾದಿನ ಕಡೆ ಹೊರಟಿದ್ದ ಲಾರಿಯ ಗಾಲಿಗೆ ಸಿಕ್ಕಿತು.

"ನೋಡ್ರಿ," ಎಂದಳು ಜಯಮಾಲಾ. "ಲಾರಿ ಹೆಚ್ಚತದ. ಕಂಬಾರನ ಮನ್ಯಾಗಿನ ಈಳಗಿ ಹೆಚ್ಚಾಂಗಿಲ್ಲ."

ಅಂಬಾದಾಸ ನೋಡಲಿಲ್ಲ. ಅವನು ಲಾರಿಯ ಒಂದು ಮುರುಕು ಕಮಾನು ಪಟ್ಟಿಯನ್ನು ಕಿವಿಗೆ ಹಿಡಿದುಕೊಂಡು ಕೂತಿದ್ದ. ಗ್ಯಾರೇಜಿನವರು ಬಿಸಾಡಿದ ಈ ಪಟ್ಟಿಗಳನ್ನು ತಂದು ಕುಡುಗೋಲು, ಕೊಡಲಿ ಬಡಿಯುವುದು ಅವನ ಕಸುಬು. ಆದರೆ ಬೆಂಕಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಕಿವಿಗೆ ಹಿಡಿಯುವುದು ಅವನ ಚಾಳಿ. ಅಷ್ಟು ವರ್ಷ ಭಾರ ಹೊತ್ತು ತಿರುಗಿದ ಉಕ್ಕಿನೊಳಗೆ ರಸ್ತೆಯೆಲ್ಲ ಸುರುಳಿ ಸುತ್ತಿ ಮಲಗಿರುತ್ತದೆ, ಕಾಸಿದರೆ ಎಚ್ಚರವಾಗುತ್ತದೆ ಎಂದು ಅವನ ನಂಬಿಕೆ. ಘಟ್ಟದ ಮಳೆಯ ಸದ್ದು ಕೇಳಿಸುತ್ತದೆ ಎಂದು ಒಮ್ಮೆ ಹೇಳಿ ಊರವರ ನಗೆಗೀಡಾದಮೇಲೆ ಯಾರಿಗೂ ಹೇಳುತ್ತಿರಲಿಲ್ಲ.

ಜಯಮಾಲಾ ಎದ್ದು ಬಂದು ಪಟ್ಟಿಯನ್ನು ಅವನ ಕಿವಿಯಿಂದ ಸರಿಸಿದಳು.

"ಮೂರು ವರ್ಸಾತು ಒಂದು ಈಳಗಿ ಕೇಳ್ಕೋತ ಬಂದೀನಿ. ಇವತ್ತ ಇಳಿಹೊತ್ತಿನ ಉಮರ್ಗಾ ಗಾಡಿ ಬರೂದ್ರೊಳಗ ಅದು ನನ್ನ ಮುಂದ ಇರ್ಬೇಕು."

"ಆಗ್ಲಿ. ಘಣ ತಗೋ," ಎಂದು ಅಂಬಾದಾಸ ದೊಡ್ಡ ಸುತ್ತಿಗೆಯತ್ತ ಕೈ ತೋರಿಸಿದ.

"ಇವತ್ತ ನಾ ಗಿರಾಕಿ. ಗಿರಾಕಿ ಕೈಲೆ ಯಾರರೆ ಘಣ ಎತ್ತಸ್ತಾರೇನು?"

ಇಷ್ಟು ಹೇಳಿ ಒಳಗೆ ಹೋದಳು. ಊರಿಗೆ ಹೋಗುವಾಗಿನ ಚೀಲ ಅಟ್ಟದಿಂದ ಕೆಳಗಿಳಿಯಿತು. ಅದನ್ನು ಬಾಗಿಲಿಗೆ ಬಡಿದು ಧೂಳು ಝಾಡಿಸುವ ಸದ್ದು ರಸ್ತೆಯವರೆಗೂ ಕೇಳಿಸಿತು.

ಪಕ್ಕದಲ್ಲೇ ಚಹಾದಂಗಡಿ ಇಟ್ಟಿದ್ದ ಬಾಳು ಕೆಟಲಿ ಕೆಳಗಿಟ್ಟು ಬಂದ. "ಮಾಮಾ, ಈ ಲಕ್ಷಣ ಬರೋಬರ್ ಇಲ್ಲ. ನಮ್ಮ ಕಾಕು ಒಂದಿನಾ ಹಿಂಗೇ ಚೀಲಾ ಝಾಡಿಸಿದ್ಳು. ಕಾಕಾ ಈಗೂ ಉಮರ್ಗಾದ ಖಾನಾವಳ್ಯಾಗ ಉಣ್ಲತ್ತಾನ."

"ಗಾಡಿ ಟೈಮ್ ಅಷ್ಟೇ ಹೇಳ್ಯಾಳಪ್ಪಾ," ಎಂದ ಅಂಬಾದಾಸ.

ಜೋಳದ ಕೊಯ್ಲಿಗೆ ಕುಡುಗೋಲು ಮಾಡಿಸಲು ಬಂದು ಕಲ್ಲಿನ ಮೇಲೆ ಕೂತಿದ್ದ ಹಿರಿಯ ರೈತ ಗುರಣ್ಣ ಹಣೆಯ ವಿಭೂತಿ ಸುಕ್ಕಾಗುವಂತೆ ಹುಬ್ಬೇರಿಸಿದ. "ಹೆಣ್ಮಗಳು ಗಾಡಿ ಟೈಮ್ ಹೇಳ್ಯಾಳಂದ್ರ ಅದು ಟೈಮ್ ಅಲ್ಲ ತಮ್ಮಾ, ಅದು ಶರ್ತು. ಈಳಗಿ ಆಗ್ಲಿಲ್ಲ, ಆಕಿ ಉಮರ್ಗಾ ಬಸ್ಸು ಹತ್ತಿ ನಿಲಂಗಾದ ತವರಿಗೆ ಹೋದ್ಳು. ಮತ್ತ ಬರೂದು ಸಿದ್ದರಾಮನ ಮರ್ಜಿ."

ಅಂಬಾದಾಸನ ಎದೆ ನೀರಿಗೆ ಬಿದ್ದ ಕೆಂಡದಂತೆ ಚುಂಯ್ ಎಂದಿತು. ಜಯಮಾಲಾ ಇಲ್ಲದ ಕುಲುಮೆಯನ್ನು ಅವನು ಊಹಿಸಿಕೊಂಡಿರಲೇ ಇಲ್ಲ. ಅವನ ಕೈಯಲ್ಲಿ ಸಣ್ಣ ಸುತ್ತಿಗೆ, ಅವಳ ಕೈಯಲ್ಲಿ ದೊಡ್ಡ ಘಣ. ಸಣ್ಣದು ಮುಟ್ಟಿದಲ್ಲಿ ದೊಡ್ಡದು ಬೀಳಬೇಕು. ಕಬ್ಬಿಣ ಬಡಿಯುವ ಅಡಿಗಲ್ಲಿನ ಅಂಚಿಗೆ ಎರಡು ಸಲ ತಟ್ಟಿದರೆ ನಿಲ್ಲಿಸು ಎಂದರ್ಥ. ಗಂಡಹೆಂಡತಿ ಬಾಯಿಂದ ಆಡಿದ್ದಕ್ಕಿಂತ ಹೀಗೆ ಸುತ್ತಿಗೆಯಿಂದ ಆಡಿದ ಮಾತೇ ಹೆಚ್ಚು. ಬಾಯಿಂದ ಆಡಿದಾಗ ಜಗಳವಾಗುತ್ತಿತ್ತು.

ಅವನು ಪಟ್ಟಿಯನ್ನು ತುಂಡರಿಸಿ ಬೆಂಕಿಗಿಟ್ಟು ಗಾಳಿಚಕ್ರ ತಿರುಗಿಸತೊಡಗಿದ. ಉಕ್ಕು ಮೊದಲು ನೇರಳೆಯಾಯಿತು, ಆಮೇಲೆ ಹಣ್ಣು ಟೊಮ್ಯಾಟೋ ಆಯಿತು, ಆಮೇಲೆ ಕುಂಬಳದ ಹೂವಾಯಿತು. ಬಡಿಯಬೇಕಾದರೆ ಹೂವಾದಾಗ ತೆಗೆಯಬೇಕು, ಹದ ಹಾಕಬೇಕಾದರೆ ಅದಕ್ಕೂ ಮೊದಲು. ಆದರೆ ಆ ಹಳದಿಯೊಳಗೆ ಅಂಬಾದಾಸನಿಗೆ ಒಂದು ಉದ್ದ ರಸ್ತೆ ಕಂಡಿತು. ರಸ್ತೆಯ ಎರಡೂ ಕಡೆ ತೆನೆ ಬಾಗಿದ ಜೋಳ. ನಡುವೆ ಒಂದು ಕೆಂಪು ಬಸ್ಸು ಸದ್ದಿಲ್ಲದೆ ತೇಲಿ ಹೋಗುತ್ತಿತ್ತು. ಕಿಟಕಿಯಲ್ಲಿ ಜಯಮಾಲಾ, ಮುಖ ಆಚೆಗೆ. ಈಗ ತಿರುಗಿ ನೋಡುತ್ತಾಳೆ, ಈಗ ನೋಡುತ್ತಾಳೆ ಎಂದು ಅವನು ಕಾಯುತ್ತ ಚಕ್ರ ತಿರುಗಿಸಿಯೇ ತಿರುಗಿಸಿದ.

"ಮಾಮಾ," ಎಂದ ಬಾಳು ಮೆಲ್ಲಗೆ, "ದೀಪಾವಳಿ ಆಗ್ಲತ್ತದ."

ಬೆಂಕಿಯಿಂದ ನಕ್ಷತ್ರಗಳು ಹಾರುತ್ತಿದ್ದವು. ಹೊರಗೆಳೆದು ನೋಡಿದರೆ ಪಟ್ಟಿಯ ಅರ್ಧಭಾಗ ಕಾಯಿಸಿದ ಬೆಲ್ಲದಂತೆ ಸೋರಿಹೋಗಿತ್ತು.

ಎರಡನೆಯ ತುಂಡಿಗೆ ಬಾಳು ತಾನೇ ಘಣ ಹಿಡಿದ. ಅವನ ಏಟು ಅವನ ಕಣ್ಣು ಹೋದಕಡೆ ಹೋಗುತ್ತಿತ್ತು, ಅವನ ಕಣ್ಣು ಅವನ ಅಂಗಡಿಯ ಕಡೆ ಇತ್ತು. ಅಂಬಾದಾಸನ ಸುತ್ತಿಗೆ ಅಂಚಿಗೆ ಎಂದರೆ ಘಣ ನಡುವಿಗೆ ಬಿತ್ತು. ನಡುವಿಗೆ ಎಂದರೆ ಅಡಿಗಲ್ಲಿಗೆ ಬಿತ್ತು. "ಎರಡು ಕಟಿಂಗ್ ಚಹಾ ಕೊಡು" ಎಂದು ಅತ್ತಲಿಂದ ಯಾರೋ ಕೂಗಿದಾಗ ಎರಡು ಏಟು ಹೆಚ್ಚೇ ಬಿದ್ದವು. ಕೊನೆಗೆ ಇಕ್ಕಳದ ತುದಿಯಲ್ಲಿ ಉಳಿದದ್ದು ದುಂಡಗೆ, ತೆಳ್ಳಗೆ, ಒಂದು ಹಿಡಿಕೆಯೊಂದಿಗೆ ನಾಚಿಕೊಂಡು ನಿಂತಿತ್ತು.

ಗುರಣ್ಣ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಪರೀಕ್ಷಿಸಿದ. "ಉಳ್ಳಾಗಡ್ಡಿ ಹೆಚ್ಚಲಾಕ ಬರಾಂಗಿಲ್ಲ. ಹಂಚಿನ ಮ್ಯಾಲಿನ ಥಾಲಿಪೀಠ ಹೊಳ್ಳಿ ಹಾಕ್ಲಾಕ ಬರ್ತದ."

ಅಷ್ಟರಲ್ಲಿ ಎದುರುಮನೆಯ ಚಂಪಾಬಾಯಿ ಸಮಾಧಾನ ಹೇಳುವ ನೆವದಿಂದ ಜಯಮಾಲಾಳ ಹತ್ತಿರ ಒಳಗೆ ಹೋಗಿ, ಸುದ್ದಿಯೊಂದಿಗೆ ಹೊರಗೆ ಬಂದಳು. "ಇಲಕಲ್ ಸೀರಿ ಇಟ್ಕೊಂಡಾಳ. ಥಂಡಿ ಶಾಲೂ ಇಟ್ಕೊಂಡಾಳ. ಇದು ಹೋಗಿ ಬರೂ ಚೀಲಾ ಅಲ್ಲಪ್ಪಾ."

"ಏನರೆ ಅಂದ್ಳೇನು?" ಅಂಬಾದಾಸ ಕೇಳಿದ.

"ಏನೂ ಅನ್ಲಿಲ್ಲ. ನಕ್ಳು."

ಅತ್ತಿದ್ದರೆ ಏನಾದರೂ ದಾರಿಯಿತ್ತು. ನಕ್ಕ ಹೆಂಗಸಿಗೆ ಏನು ಹೇಳುವುದೆಂದು ಗುರಣ್ಣನಿಗೂ ತಿಳಿಯಲಿಲ್ಲ.

ಹೊತ್ತು ಮಧ್ಯಾಹ್ನದ ಮೇಲೆ ವಾಲಿತು. ಆಗ ಕುರುಬ ರೇವಣಸಿದ್ಧ ಕುರಿಗಳೊಂದಿಗೆ ಹೆದ್ದಾರಿ ದಾಟಿ ಬಂದ. ಹಣೆ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ, ತೋಳು ಒಂದೊಂದೂ ಬೇವಿನ ಬೊಡ್ಡೆ. ಉಣ್ಣೆ ಕತ್ತರಿ ಸಾಣೆ ಹಿಡಿಸಲು ಬಂದವನಿಗೆ ಮೂವರೂ ಸೇರಿ ಕತೆ ಹೇಳಿದರು. ಅವನು ಕಂಬಳಿ ಇಳಿಸಿ ಘಣ ಎತ್ತಿದ.

ಏಟುಗಳು ಗುಡ್ಡ ಕುಸಿದಂತೆ ಬಿದ್ದವು. ಒಂದೇ ತೊಂದರೆ: ಪ್ರತಿ ಏಟಿಗೂ ಅವನು "ಬೀರಪ್ಪಾ" ಎಂದು ಕಣ್ಣು ಮುಚ್ಚುತ್ತಿದ್ದ.

"ಕಣ್ ತೆರಿಯೋ ಮಾರಾಯಾ."

"ತೆರದ್ರ ಭಕ್ತಿ ಬರಾಂಗಿಲ್ಲ ಮಾಮಾ."

ಘಣ ಅಂಬಾದಾಸನ ಹೆಬ್ಬೆರಳಿಗೆ ಜೋಳದ ಕಾಳಿನಷ್ಟು ಜಾಗ ಬಿಟ್ಟು ಬಿತ್ತು. ಅವನು ಗಾಬರಿಯಿಂದ ಅಡಿಗಲ್ಲಿಗೆ ಎರಡು ಸಲ ತಟ್ಟಿದ. ಆ ಭಾಷೆ ಗೊತ್ತಿಲ್ಲದ ರೇವಣಸಿದ್ಧ ತಾಳ ಹಾಕಿದರೆಂದು ಹುರುಪುಗೊಂಡು ಇನ್ನೂ ಜೋರಾಗಿ ಬಡಿದ. ಮತ್ತೆ ತಟ್ಟಿದ, ಮತ್ತೆ ಜೋರಾಯಿತು. ಭಜನೆ ನಡೆದಿದೆ ಎಂದುಕೊಂಡು ದಾರಿಹೋಕರಿಬ್ಬರು ಚಪ್ಪಲಿ ಬಿಟ್ಟು ಬಂದು ಕೂತರು.

ಒಳಗಿನಿಂದ ಜಯಮಾಲಾ ಬಂದಳು. ಹೊಸ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಾಕಿ ಬಾಚಿದ್ದಳು. ಅಡಿಗಲ್ಲಿನ ಮೇಲಿದ್ದದ್ದನ್ನು ನೋಡಿದಳು, ಬಿಸಿಲನ್ನು ನೋಡಿದಳು.

"ಅಣ್ಣಾ, ಘಣ ಕೆಳಗ ಇಡು. ನೀ ಕುರಿ ನೋಡ್ಕೊ ಹೋಗು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಘಣ ಎತ್ತಿಕೊಂಡಳು. ಅಂಬಾದಾಸ ಉಕ್ಕನ್ನು ಮತ್ತೆ ಕಾಸಿ ತಂದಿಟ್ಟು, ಅಂಚಿಗೆ ಸಣ್ಣಗೆ ಮುಟ್ಟಿದ. ಘಣ ಅಲ್ಲೇ ಬಂದು ಕೂತಿತು. ಕೂದಲೆಳೆ ಸರಿಸಿ ಮುಟ್ಟಿದ. ಕೂದಲೆಳೆ ಸರಿದು ಬಂತು. ಟಿಣ್, ಧಪ್. ಟಿಣ್, ಧಪ್. ಹೆದ್ದಾರಿಯ ಗದ್ದಲ ದೂರ ಸರಿದು, ಅವನು ಎಂದೂ ನೋಡದ ಸಮುದ್ರದಂತೆ ಕೇಳಿಸತೊಡಗಿತು. ಉಕ್ಕು ಎರೆಮಣ್ಣಿನಂತೆ ಮೆದುವಾಗಿ, ತಾನಾಗಿ ಬೆನ್ನು ಬಾಗಿಸಿ, ಕೊಕ್ಕರೆಯ ಕತ್ತಿನ ಹಾಗೆ ಮೇಲೆದ್ದಿತು. ಅದರೊಳಗಿನ ರಸ್ತೆಗಳೆಲ್ಲ ಎಚ್ಚೆತ್ತು, ಮೈ ಮುರಿದು, ಒಂದೇ ಅಲಗಾಗಿ ಮಲಗಿಕೊಂಡವು. ತಪ್ಪಾಯಿತು ಎಂದಿತು ಸಣ್ಣ ಸುತ್ತಿಗೆ. ಇರಲಿ ಬಿಡು ಎಂದಿತು ಘಣ. ಹೋಗಬೇಡ ಎಂದಿತು ಸಣ್ಣದು. ಘಣ ಏನೋ ಹೇಳಿತು. ಒಪ್ಪಿಗೆಯೇ ಇರಬೇಕು ಎಂದುಕೊಂಡ ಅಂಬಾದಾಸ.

ಕೊನೆಯ ಸಲ ಕಾಸಿ, ಅಲಗು ಕುಂಬಳದ ಹೂವಾಗುವ ಮೊದಲೇ ಕಣ್ಣು ಮಿಟುಕಿಸದೆ ತೆಗೆದು, ಹದ ಹಾಕಲು ನೀರಿನ ತೊಟ್ಟಿಗೆ ತಿರುಗಿದ.

ತೊಟ್ಟಿ ಖಾಲಿಯಿತ್ತು. ಪಕ್ಕದಲ್ಲಿ ಒಂದು ಟಗರು ಒದ್ದೆ ಗಡ್ಡ ಒರೆಸಿಕೊಳ್ಳುವವರಂತೆ ತಲೆ ಅಲ್ಲಾಡಿಸುತ್ತ ನಿಂತಿತ್ತು. ಹಿಂದೆ ಉಳಿದ ಕುರಿಗಳು ತೃಪ್ತಿಯಿಂದ ಮೆಲುಕು ಹಾಕುತ್ತಿದ್ದವು.

"ನೀರು," ಎಂದ ಅಂಬಾದಾಸ. ಅಲಗಿನ ಕೆಂಪು ಇಳಿಯುತ್ತಿತ್ತು. ಚಂಪಾಬಾಯಿ ಮನೆಗೆ ಓಡಿದಳು. ರೇವಣಸಿದ್ಧ ಟಗರನ್ನು ಬೈಯತೊಡಗಿದ. ಹಗಲೆಲ್ಲ ತನ್ನ ಅಂಗಡಿಯ ಮೇಲೇ ಕಣ್ಣಿಟ್ಟಿದ್ದ ಬಾಳು ಮಾತ್ರ ಎರಡು ಹೆಜ್ಜೆಯಲ್ಲಿ ಹೋಗಿ, ತುಂಬಿದ ಚಹಾದ ಪಾತೇಲಿ ಎತ್ತಿ ತಂದು ಮುಂದಿಟ್ಟ.

ಅಂಬಾದಾಸ ಅದ್ದಿದ. ಶುಂಠಿ, ಏಲಕ್ಕಿಯ ಮೋಡವೊಂದು ಎದ್ದು ಕುಲುಮೆಯನ್ನು ತುಂಬಿತು. ಒಂದು ಕ್ಷಣ ಯಾರಿಗೂ ಯಾರೂ ಕಾಣಲಿಲ್ಲ. ಮೋಡದೊಳಗಿಂದ ಗುರಣ್ಣನ ದನಿ ಬಂತು: "ಸಕ್ರಿ ಹಾಕಿದ್ದೇನು?"

ಸಾಣೆ ಹಿಡಿದು, ಮಣೆಗೆ ಕೂಡಿಸಿ, ಈಳಿಗೆಯನ್ನು ನೆಲದ ಮೇಲಿಟ್ಟ. ಅಲಗನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಆ ದಿನ ಅವನು ಅಂಥ ಅಪಾಯಕ್ಕೆ ಸಿದ್ಧನಿರಲಿಲ್ಲ. ಜಯಮಾಲಾ ಕೂತು ಒಂದು ಉಳ್ಳಾಗಡ್ಡಿ ತಾಗಿಸಿದಳು. ಅದು ಎರಡಾಯಿತು, ಕಣ್ಣೀರು ಬರಿಸುವಷ್ಟು ಪುರಸೊತ್ತೂ ಅದಕ್ಕೆ ಸಿಗಲಿಲ್ಲ.

"ಭಾರಿ ಆಗ್ಯಾದ," ಎಂದಳು. ಮೂರು ವರ್ಷದಲ್ಲಿ ಅವಳು ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಬಾಳು ಅಂಬಾದಾಸನ ಬೆನ್ನು ತಟ್ಟಿದ. ಚಂಪಾಬಾಯಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕೆಂಪು ಬಸ್ಸು ಬಂದು ನಿಂತಿತು.

ಜಯಮಾಲಾ ಈಳಿಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಚೀಲ ಹೆಗಲಿಗೇರಿಸಿ, ಹತ್ತಿ ಕಿಟಕಿಯ ಪಕ್ಕ ಕೂತಳು.

ಅಂಬಾದಾಸ ಕನಸಿನಲ್ಲಿ ನಡೆದವನಂತೆ ಕಿಟಕಿಯವರೆಗೆ ಹೋದ. "ಈಳಗಿ ಆತಲ್ಲಾ. ಮತ್ಯಾಕ ಹೊಂಟಿ?"

"ಆತಂತನ ಹೊಂಟೀನಿ. ಅಳಿಯಾ ಕಂಬಾರ ಅದಾನ, ಈಳಗಿ ಮಾಡಿ ಕಳಸ್ತಾನ ಅಂತ ನಮ್ಮವ್ವ ನಿಲಂಗಾದಾಗ ಓಣಿ ತುಂಬ ಹೇಳ್ಕೊಂಡು ಕುಂತಾಳ. ಬರೇ ಕೈಲೆ ಹ್ಯಾಂಗ ಮಾರಿ ತೋರಸ್ಲಿ? ಅದಕ್ಕ ಮೂರು ವರ್ಸ ತವರಿಗೆ ಕಾಲಿಟ್ಟಿಲ್ಲ."

"ಅಂದ್ರ... ಇವತ್ತ ಆಗದಿದ್ರ?"

"ಆಗದಿದ್ರ ಏನದ? ಚೀಲಾ ಮತ್ತ ಅಟ್ಟಕ್ಕ ಹೋಗ್ತಿತ್ತು." ಅವಳು ಪ್ರೀತಿಯಿಂದಲೇ ನಕ್ಕಳು. "ನಾ ಸಿಟ್ಟಾಗೀನಿ ಅಂತ ಯಾರು ಹೇಳಿದ್ರು ನಿಮಗ?"

ಅಂಬಾದಾಸ ತಿರುಗಿ ನೋಡಿದ. ಬಾಳು ಪಾತೇಲಿ ತೊಳೆಯುವುದರಲ್ಲಿ ಮಗ್ನನಾಗಿದ್ದ. ಚಂಪಾಬಾಯಿಗೆ ಮನೆಯಲ್ಲಿ ಹಾಲು ಉಕ್ಕುವ ನೆನಪಾಯಿತು. ಗುರಣ್ಣನೊಬ್ಬನೇ ಕಲ್ಲಿನ ಮೇಲೆ ಕದಲದೆ ಕೂತು, "ಮದಲನೇದ್ದು ಸುಟ್ಟಿದ್ದಿಯಲ್ಲ ತಮ್ಮಾ, ಅಲ್ಲಿಗೇ ನಿಂದರ್ಬೇಕಾಗಿತ್ತು ನೋಡು" ಎಂದ.

"ಯಾವಾಗ ಬರ್ತಿ?"

"ಅವ್ವ ಬಿಟ್ಟಾಗ."

ಬಸ್ಸು ಹೊರಟಿತು. ಜೋಳದ ಹೊಲಗಳ ನಡುವೆ, ಇಳಿಬಿಸಿಲಿನಲ್ಲಿ, ಸದ್ದಿಲ್ಲದೆ ತೇಲುವಂತೆ ಅದು ಸಣ್ಣದಾಗುತ್ತ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಹಿಂದಿನ ದೀಪಗಳೆರಡೂ ಹೊತ್ತಿಕೊಂಡು ಬಸ್ಸು ನಿಂತಿತು. ಅಂಬಾದಾಸ ಓಡಿದ. ಪಂಚೆ ಕಾಲಿಗೆ ತೊಡರಿತು, ಒಂದು ಚಪ್ಪಲಿ ಹಿಂದೆ ಉಳಿಯಿತು. ಗಾಳಿಯಲ್ಲಿ ಓಡುವವನಂತೆ ಓಡಿದ. ಬಾಗಿಲು ತೆರೆಯಿತು. ಇಳಿದವನು ಕಂಡಕ್ಟರ್.

"ಕಂಬಾರಮಾಮಾ, ಒಳಗ ಹೆಣ್ಮಕ್ಕಳೆಲ್ಲಾ ಆ ಈಳಗಿ ನೋಡ್ಯಾರ. ಗಾಡಿ ಬಿಡಾಕೇ ಕೊಡವೊಲ್ಲರು. ಏಳು ಮಂದಿಗೆ ಬೇಕಂತ. ಎಂಟನೇದ್ದು ನನ್ನ ಹೆಂಡ್ತಿಗಿ. ನಾಳಿ ಇದೇ ಗಾಡಿ ಹೊಳ್ಳಿ ಬರ್ತದ, ಆಗ ಒಯ್ತೀನಿ."

"ಒಂದ ದಿನದಾಗ ಎಂಟು? ಘಣ ಎತ್ತಾಕಿ ಗಾಡ್ಯಾಗ ಕುಂತಾಳ, ಹ್ಯಾಂಗ ಆಗ್ತದಪ್ಪಾ?"

ಒಳಗಿನಿಂದ ಜಯಮಾಲಾಳ ದನಿ ಬಂತು, ಹೆಮ್ಮೆಯಿಂದ ತುಂಬಿದ ದನಿ: "ಆಗ್ತದ್ರಿ, ಆಗ್ತದ. ನಾ ಎಲ್ಲಾರಿಗೂ ಮಾತು ಕೊಟ್ಟೀನಿ."